ಭಾವ ಬರೆದ ಬೀಗದ ವರದಿ

ಲೇಬಲ್ ಅಚ್ಚು ಹಾಕುವ ಕಾರ್ಖಾನೆಯಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಔಷಧದ ಶೀಶೆ, ಬಣ್ಣದ ಡಬ್ಬಿ, ಇಲಿ ಪಾಷಾಣದ ಪೊಟ್ಟಣ, ಎಲ್ಲದರ ಮೇಲೂ ಇರುವೆ ಸಾಲಿನಂತೆ ಸಾಗುವ ಸಣ್ಣ ಅಕ್ಷರಗಳನ್ನು ದಿನಕ್ಕೆ ಎಂಟು ಗಂಟೆ ಭೂತಗನ್ನಡಿ ಹಿಡಿದು ಓದುತ್ತೇನೆ. ‘ಬಳಸುವ ಮುನ್ನ ಎಲ್ಲ ಸೂಚನೆಗಳನ್ನು ಗಮನವಿಟ್ಟು ಓದಿ’ ಎಂಬ ಸಾಲನ್ನು ಲಕ್ಷ ಸಲವಾದರೂ ಓದಿರಬೇಕು. ಇಂಥ ನಾನು ಭಾವನ ಮನೆ ಸಾಲಕ್ಕೆ ಜಾಮೀನು ನಿಂತಾಗ ಹನ್ನೊಂದು ಪುಟದ ಕಾಗದದಲ್ಲಿ ಓದಿದ್ದು ಎರಡೇ ಪದ: ‘ಇಲ್ಲಿ ಸಹಿ’. ಅದನ್ನೂ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು.

ಅದರ ಫಲ ಒಂದು ಮಂಗಳವಾರ ಕಾರ್ಖಾನೆಯ ವಿಳಾಸಕ್ಕೇ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ಸಾಲಗಾರರು ನಾಲ್ಕು ಕಂತು ಕಟ್ಟಿಲ್ಲ, ಆದ್ದರಿಂದ ಜಾಮೀನುದಾರರಾದ ತಾವು ಗಮನಿಸಬೇಕು ಎಂದಿತ್ತು. ತಾವು ಅಂದರೆ ನಾನು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ‘ತಾವು’ ಅಂದಿರಲಿಲ್ಲ. ಅಷ್ಟು ಮರ್ಯಾದೆ ಸಿಕ್ಕಾಗ ಮನುಷ್ಯನಿಗೆ ಹಿಗ್ಗಾಗಬೇಕು. ನನಗೆ ಆಗಲಿಲ್ಲ. ಕಾಗದವನ್ನು ಮಡಿಚಿ ಜೇಬಿಗಿಟ್ಟೆ, ತೆಗೆದೆ, ಮತ್ತೆ ಇಟ್ಟೆ. ಸಂಜೆಯವರೆಗೆ ಒಂದು ಲೇಬಲಿನಲ್ಲೂ ತಪ್ಪು ಕಾಣಲಿಲ್ಲ. ಮೇಸ್ತ್ರಿ ಬಂದು, “ಏನಯ್ಯಾ, ಇವತ್ತು ಪ್ರಪಂಚದಲ್ಲಿ ಎಲ್ಲಾ ಸರಿಯಾಗಿದೆಯಾ?” ಅಂದ.

ಭಾವ ಎಂದರೆ ನನ್ನ ಅಕ್ಕನ ಗಂಡ. ಬೀಗ ರಿಪೇರಿ ಮಾಡುವವರು. ಹದಿನೇಳನೇ ವಯಸ್ಸಿನಲ್ಲಿ ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಒಬ್ಬ ಮುದುಕನ ಪಕ್ಕ ಕೂತು, ಅರ ಹಿಡಿದು ಕೀ ಉಜ್ಜಲು ಕಲಿತರು. ಮುದುಕ ತೀರಿಕೊಂಡ ಮೇಲೆ ಆ ಮೆಟ್ಟಿಲ ಕೆಳಗಿನ ಗೂಡೇ ಅವರ ಬಾಡಿಗೆ ಅಂಗಡಿಯಾಯಿತು. ಕೂರಲು ಒಬ್ಬರಿಗೆ, ನಿಲ್ಲಲು ಇಬ್ಬರಿಗೆ ಜಾಗ. ಮೂರನೆಯವರು ಬಂದರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಅವರ ಉಗುರಿನ ಸಂದಿಯಲ್ಲಿ ಯಾವಾಗಲೂ ಹಿತ್ತಾಳೆ ಪುಡಿ ಇರುತ್ತದೆ. ಮಾತು ಬಲು ಕಡಿಮೆ. ಮಾತಾಡುವುದೇನಿದ್ದರೂ ಬೀಗಗಳ ಜೊತೆ: “ಬಾರಮ್ಮ, ಸ್ವಲ್ಪ ಜರುಗು, ಹಾಂ, ಜಾಣೆ.” ಅಕ್ಕನ ದೂರು ಅದೇ. “ಮದುವೆಯಾಗಿ ಒಂಬತ್ತು ವರ್ಷ ಆಯ್ತು ಕಣೋ, ನನಗೆ ಒಂದ್ಸಲಾನೂ ಜಾಣೆ ಅಂದಿಲ್ಲ.”

ಹೇಳಬೇಕೆಂದರೆ ಅವರ ಮದುವೆಯೂ ಬೀಗದಿಂದಲೇ ಆದದ್ದು. ಅಕ್ಕ ಬಟ್ಟೆ ಅಂಗಡಿಯಲ್ಲಿ ಅಳತೆ ಸರಿಪಡಿಸುವ ಕೆಲಸದಲ್ಲಿದ್ದಳು. ಬೆಳಗ್ಗೆ ಷಟರ್ ಎತ್ತುವುದು ಅವಳ ಪಾಲು. ಒಂದೇ ತಿಂಗಳಲ್ಲಿ ಮೂರು ಸಲ ಕೀ ಕಳೆದುಕೊಂಡಳು, ಮೂರು ಸಲವೂ ಭಾವನೇ ಬಂದು ತೆಗೆದರು. ನಮ್ಮಕ್ಕ ಅಷ್ಟು ಮರೆವಿನವಳಲ್ಲ. ನಾನು ಎರಡನೇ ಕ್ಲಾಸಿನಲ್ಲಿ ಅವಳಿಂದ ತೆಗೆದುಕೊಂಡ ರಬ್ಬರನ್ನು ಈಗಲೂ ಕೇಳುತ್ತಾಳೆ.

ಆರು ವರ್ಷದ ಹಿಂದೆ ಅವರು ಟೈರು ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಮನೆ ಕೊಂಡರು. ಕಾರ್ಖಾನೆ ಇನ್ನೊಂದು ಶೆಡ್ಡು ಕಟ್ಟುತ್ತದಂತೆ, ಸಾವಿರ ಜನ ಬರುತ್ತಾರಂತೆ ಎಂದು ಬೀದಿಗೆ ಬೀದಿಯೇ ಬೆಲೆ ಏರಿಸಿಕೊಂಡು ಕೂತಿದ್ದ ಕಾಲ. ಒಂದು ನಡುಮನೆ, ಎರಡು ಕೋಣೆ, ಹಿಂದೆ ಬಟ್ಟೆ ಒಣಹಾಕಲು ಎರಡು ಹೆಜ್ಜೆ ಜಾಗ. ಗೃಹಪ್ರವೇಶಕ್ಕೆ ಮುಂಚೆ ಭಾವ ಮೂರು ದಿನ ಅಂಗಡಿ ಮುಚ್ಚಿ ಮುಂಬಾಗಿಲಿಗೆ ತಾವೇ ಬೀಗ ಕೂರಿಸಿದರು. ಮೂರು ಕಡೆ ನಾಲಿಗೆ ಚಾಚುವ ಬೀಗ. “ಇದನ್ನ ಒಡೆಯೋಕೆ ನನಗೇ ಒಂದು ದಿನ ಬೇಕು,” ಅಂದರು. ನಾನು ಚಪ್ಪಾಳೆ ತಟ್ಟಿದೆ. ಸಹಿ ಹಾಕಿದ ಕೈಯಲ್ಲೇ.

ಮೂರು ವರ್ಷ ಕಳೆಯುವಷ್ಟರಲ್ಲಿ ಕಾರ್ಖಾನೆ ಮುಚ್ಚಿತು. ಮೊದಲು ಸೈರನ್ ನಿಂತಿತು, ಆಮೇಲೆ ಬಸ್ಸು, ಆಮೇಲೆ ಬೀದಿದೀಪ. ಮನೆಗಳು ಒಂದೊಂದಾಗಿ ಖಾಲಿಯಾದವು. ಕಂತು ಕಟ್ಟಲಾಗದವರ ಮನೆಗಳನ್ನು ಬ್ಯಾಂಕು ವಶಕ್ಕೆ ತೆಗೆದುಕೊಳ್ಳುತ್ತಿತ್ತು; ಆ ಕೆಲಸವನ್ನು ಒಬ್ಬ ಕಂಟ್ರಾಕ್ಟರನಿಗೆ ಕೊಟ್ಟಿತ್ತು; ಹಳೆ ಬೀಗ ತೆಗೆದು ಹೊಸದು ಹಾಕಲು ಕಂಟ್ರಾಕ್ಟರ್ ಕರೆಯುತ್ತಿದ್ದದ್ದು ನಮ್ಮ ಭಾವನನ್ನು. ದಿನಾ ಬೆಳಗ್ಗೆ ಏಳಕ್ಕೆ ಅವರ ಫೋನಿಗೆ ಅಂದಿನ ಮನೆ ನಂಬರುಗಳು ಬರುತ್ತಿದ್ದವು. ಸ್ವಂತ ಬೀದಿಯಲ್ಲೇ ಒಂಬತ್ತು ಬೀಗ ಬದಲಿಸಿದರು. ಪ್ರತಿ ಬೀಗಕ್ಕೂ ಒಂದು ಗೇಟಿನ ಮೇಲೆ ಬ್ಯಾಂಕಿನ ಫಲಕ ಏರುತ್ತಿತ್ತು. ಪ್ರತಿ ಫಲಕಕ್ಕೂ ಉಳಿದ ಮನೆಗಳ ಬೆಲೆ ಒಂದು ಮೆಟ್ಟಿಲು ಇಳಿಯುತ್ತಿತ್ತು.

“ನಮ್ಮನೆ ಬೆಲೆ ನಾನೇ ಇಳಿಸ್ತಾ ಇದೀನಿ ಕಣಯ್ಯಾ,” ಎಂದು ಒಮ್ಮೆ ನಕ್ಕಿದ್ದರು. “ಅದಕ್ಕೆ ಕೂಲಿ ಬೇರೆ ಕೊಡ್ತಾರೆ.”

ಆ ಕೆಲಸದಲ್ಲಿ ಅವರಿಗೊಂದು ಅಭ್ಯಾಸ ಬೆಳೆಯಿತು. ಒಂದು ಸಲ, ಖಾಲಿ ಮನೆ ಎಂದು ಕಂಟ್ರಾಕ್ಟರ್ ಹೇಳಿದ್ದ ಬಾಗಿಲನ್ನು ಡ್ರಿಲ್ಲು ಹಾಕಿ ತೆಗೆದರೆ, ಒಳಗೆ ಒಬ್ಬ ಮೇಜಿನ ಮುಂದೆ ಕೂತು ಊಟ ಮಾಡುತ್ತಿದ್ದನಂತೆ. ಬೈಯಲಿಲ್ಲ, ಏಳಲಿಲ್ಲ. ಇವರನ್ನು ನೋಡಿ ಮತ್ತೆ ತಟ್ಟೆಗೆ ಕೈ ಹಾಕಿದ. ಭಾವ ಅಂದು ಮನೆಗೆ ಬಂದು ಊಟ ಬೇಡ ಅಂದರು. ಅಂದಿನಿಂದ ಯಾವ ಬಾಗಿಲಿಗೇ ಆಗಲಿ ಮೊದಲು ಮೂರು ಸಲ ಬಡಿದು, “ಬರ್ತಾ ಇದೀನಿ,” ಎಂದು ಹೇಳಿಯೇ ಕೈ ಹಾಕುತ್ತಿದ್ದರು.

ಬುಧವಾರ ಅರ್ಧ ದಿನ ರಜೆ ಹಾಕಿ, ಕಾಗದ ಹಿಡಿದುಕೊಂಡು ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಭಾರಿ ಡೈಲಾಗುಗಳನ್ನು ತಯಾರು ಮಾಡಿಕೊಂಡಿದ್ದೆ. ಎದುರು ನಿಂತಾಗ ಬಾಯಿಂದ ಬಂದದ್ದು, “ಭಾವ, ಊಟ ಆಯ್ತಾ?”

ಅವರು ಕಾಗದ ನೋಡಿದರು. ಕೀ ಕೊರೆಯುವ ಯಂತ್ರವನ್ನು ಆರಿಸಿದರು. ಅದರ ಚೀರಾಟ ನಿಂತ ಮೇಲೆ ಆ ಗೂಡಿನೊಳಗೆ ಮೆಟ್ಟಿಲು ಹತ್ತುವವರ ಹೆಜ್ಜೆಗಳು ನಮ್ಮ ತಲೆಯ ಮೇಲೇ ಬೀಳುತ್ತಿದ್ದವು.

“ನಿನಗೂ ಕಳಿಸಿದ್ರಾ,” ಅಂದರು.

“ನಾಲ್ಕು ಕಂತಾ ಭಾವ? ಅಕ್ಕಂಗೆ ಗೊತ್ತಾ?”

ತಲೆಯಾಡಿಸಿದರು. ಇಲ್ಲ ಎಂದು. ಅಂಗಡಿ ಬಾಡಿಗೆ ಒಂದೂವರೆ ಪಟ್ಟು ಆಗಿತ್ತು. ಬೀದಿ ಖಾಲಿಯಾದ ಮೇಲೆ ಗಿರಾಕಿಗಳೂ ಇಲ್ಲ. ಸಾಲ ಇನ್ನೂ ನಲವತ್ತೊಂದು ಲಕ್ಷ ಬಾಕಿ. ಮನೆ ಈಗ ಮಾರಿದರೆ ಇಪ್ಪತ್ತಾರು ಬಂದರೆ ಪುಣ್ಯ. ಅದನ್ನು ಹೇಳುವಾಗ ಅವರ ದನಿ ಬೇರೆ ಯಾರದೋ ಕಾಯಿಲೆಯ ವಿವರ ಹೇಳುವಂತಿತ್ತು.

ಮೇಜಿನ ಮೇಲೆ ಒಂದು ಫಾರಂ ಬಿದ್ದಿತ್ತು. ಓದುವುದು ನನ್ನ ಚಟ. ಸಹಿ ಹಾಕುವ ಕಾಗದ ಬಿಟ್ಟು ಮಿಕ್ಕಿದ್ದನ್ನೆಲ್ಲ ಓದುತ್ತೇನೆ. ಮನೆ ವಶಪಡಿಸಿಕೊಳ್ಳುವ ಮುಂಚೆ ಬಾಗಿಲೆಷ್ಟು, ಬೀಗ ಎಂಥದು ಎಂದು ಬೀಗದವನು ಹೋಗಿ ನೋಡಿ ಬರೆದು ಕೊಡುವ ವರದಿ ಅದು. ಮೇಲೆ ಮನೆ ನಂಬರು ಇತ್ತು. ಅಕ್ಕನ ಮನೆಯದು. ಕೆಳಗೆ ಭಾವನ ಅಕ್ಷರ.

ಬಾಗಿಲುಗಳು: ಎರಡು. ಕಿಟಕಿಗಳು: ಐದು, ಒಂದರ ಚಿಲಕ ಸಡಿಲ. ಮುಂಬಾಗಿಲ ಬೀಗ ತೆಗೆಯುವುದು ಕಷ್ಟವೇ: ತುಂಬಾ ಕಷ್ಟ. ನಾನೇ ಹಾಕಿದ್ದು. ಒಳಗೆ ವಾಸವಿರುವವರು: ಇಬ್ಬರು. ಒಬ್ಬಳಿಗೆ ವಿಷಯ ಗೊತ್ತಿಲ್ಲ.

ಮೇಲಿನ ಮನೆ ನಂಬರನ್ನು ಮತ್ತೊಮ್ಮೆ ಓದಿದೆ.

“ಇದೇನು ಭಾವ! ನಿಮ್ಮನೆ ವರದಿ ನೀವೇ ಬರೆಯೋದಾ?”

“ಸೋಮವಾರ ಬೆಳಗ್ಗೆ ಏಳಕ್ಕೆ ನಂಬರು ಬಂತು. ಆ ಕಂಟ್ರಾಕ್ಟರು ಹೆಸರು ನೋಡಲ್ಲ, ನಂಬರು ಕಳಿಸ್ತಾನೆ. ನಾನು ಬರೀಲಿಲ್ಲ ಅಂದ್ರೆ ಬೇರೆ ಬೀಗದವನು ಬರ್ತಾನೆ. ಬೆಲ್ ಒತ್ತಿ ನಿಮ್ಮಕ್ಕನ್ನೇ ಕೇಳ್ತಾನೆ, ಅಮ್ಮಾ ನಿಮ್ಮ ಹಿಂದಿನ ಬಾಗಿಲು ಎಲ್ಲಿ ಅಂತ.” ಕೈ ಒರೆಸಿಕೊಂಡರು. “ಹೆದರ್ಬೇಡ. ಇದು ಅಲ್ಲೀವರೆಗೂ ಹೋಗಲ್ಲ. ನಾಳೆ ಬ್ಯಾಂಕಿಗೇ ಕೀ ಕೊಟ್ಬಿಡ್ತೀನಿ.”

ಯಂತ್ರದ ಪಕ್ಕದಲ್ಲಿ ಒಂದು ಲಕೋಟೆ ಇತ್ತು, ಉಬ್ಬಿಕೊಂಡು. ಮನೆಯ ಎಲ್ಲ ಕೀಗಳ ಒಂದೊಂದು ನಕಲು ಅದರಲ್ಲಿತ್ತು.

“ಕೀ ಕೊಟ್ರೆ?”

“ಕೊಟ್ರೆ ಮುಗೀತು. ಮನೆ ಅವರದು, ಸಾಲ ಅವರದು. ನಿನ್ನ ಜಾಮೀನೂ ಬಿಟ್ಟೋಯ್ತು. ನಾನು ನೋಡಿಲ್ವಾ? ಎಷ್ಟು ಜನ ನನ್ನ ಕೈಗೇ ಕೀ ಕೊಟ್ಟು ಹೋಗಿದಾರೆ. ಮೂರನೇ ಮನೆ ನರ್ಸಮ್ಮ ಕೊಟ್ಟಾಗ ಏನಂದ್ರು ಗೊತ್ತಾ? ಇವತ್ತಿಂದ ನಿದ್ದೆ ಬರ್ತದೆ ಅಂದ್ರು.”

ಅವರ ನಂಬಿಕೆಯನ್ನು ನೋಡಿ ನನಗೂ ಧೈರ್ಯ ಬಂತು. ಅದೇ ನನ್ನ ಕಷ್ಟ, ಯಾರು ಗಟ್ಟಿಯಾಗಿ ಹೇಳಿದರೂ ಒಪ್ಪಿಬಿಡುತ್ತೇನೆ. ಆದರೆ ಹನ್ನೊಂದು ಪುಟದಲ್ಲಿ ನಾನು ಓದದೆ ಬಿಟ್ಟದ್ದೇನೋ ಇದೆ ಎಂಬ ಭಯ ಹೋಗಲಿಲ್ಲ.

“ಆ ನರ್ಸಮ್ಮ ಈಗ ಎಲ್ಲಿದಾರೆ?” ಎಂದು ಕೇಳಿದೆ.

“ಮೆಟ್ಟಿಲ ಮೇಲ್ಗಡೆ ರಸ್ತೆ ಆಸ್ಪತ್ರೆಲೇ. ದಿನಾ ಇದೇ ಮೆಟ್ಟಿಲು ಹತ್ತುತ್ತಾರೆ.”

ಸಮಯ ನೋಡಿದರೆ ಡ್ಯೂಟಿ ಬದಲಾಗುವ ಹೊತ್ತು. ನಾನು ಮೆಟ್ಟಿಲ ಬುಡದಲ್ಲಿ ನಿಂತೆ. ಕಾಲು ಗಂಟೆಯಲ್ಲಿ ಬಿಳಿ ಕೋಟು ತೋಳಿನ ಮೇಲೆ ಹಾಕಿಕೊಂಡ ಐವತ್ತರ ಹೆಂಗಸೊಬ್ಬರು ಇಳಿದು ಬಂದರು. ಭಾವ ಕರೆದರು. ಅವರು ಒಳಗೆ ಬಗ್ಗಿ, “ಏನು ಬೀಗದಣ್ಣ, ಚೆನ್ನಾಗಿದೀರಾ?” ಅಂದರು.

“ನರ್ಸಮ್ಮ, ನೀವು ಹೇಳಿ ನಮ್ಮ ಭಾಮೈದಂಗೆ. ಅವತ್ತು ಕೀ ಕೊಟ್ರಲ್ಲ, ಆಮೇಲೆ ಏನೂ ತಂಟೆ ಇಲ್ಲ ತಾನೆ?”

ಆಕೆ ನಮ್ಮಿಬ್ಬರ ಮುಖ ನೋಡಿದರು. ಲಕೋಟೆ ನೋಡಿದರು. ಭಾವ ಎದ್ದು ಗೋಡೆಗೆ ಒತ್ತಿಕೊಂಡ ಮೇಲೆ ಅಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಕೂತರು.

“ಎರಡು ವರ್ಷ ಆಯ್ತು ಅಣ್ಣ. ಇನ್ನೂ ಕಟ್ತಾ ಇದೀನಿ.”

“ಏನನ್ನ?”

“ಮನೆ ಹರಾಜಿಗೆ ಹೋಯ್ತು. ಅರ್ಧ ಸಾಲಾನೂ ಹುಟ್ಟಲಿಲ್ಲ. ಮಿಕ್ಕ ಹನ್ನೆರಡು ಲಕ್ಷ ನನ್ನ ಸಂಬಳದಲ್ಲಿ ತಿಂಗಳು ತಿಂಗಳು ಹಿಡೀತಾರೆ. ಇಲ್ಲದಿರೋ ಮನೆಗೆ ಕಂತು, ಇರೋ ಮನೆಗೆ ಬಾಡಿಗೆ. ಎಂಟು ದಿನ ನಿದ್ದೆ ಬಂತು, ಸುಳ್ಳು ಹೇಳಲ್ಲ. ಒಂಬತ್ತನೇ ದಿನ ಕಾಗದ ಬಂತು.”

ಭಾವ ಲಕೋಟೆಯ ಕಡೆ ತಿರುಗಿ ನೋಡಿದರು. ಮೂರು ವರ್ಷದಿಂದ ಅವರು ಬಾಗಿಲವರೆಗೆ ಮಾತ್ರ ಹೋಗಿದ್ದರು. ಕೀ ಕೊಟ್ಟವರು ಬೀದಿ ದಾಟಿ ತಿರುವಿನಲ್ಲಿ ಮರೆಯಾದರೆ ಅವರ ಕಷ್ಟವೂ ಮರೆಯಾಯಿತೆಂದು ತಿಳಿದಿದ್ದರು. ಬೀಗದವರಿಗೆ ಕೀ ಕೈ ಬದಲಾಯಿತೆಂದರೆ ಕೆಲಸ ಮುಗಿದಂತೆ.

“ನನಗೆ ಯಾರೂ ಹೇಳ್ಲಿಲ್ಲ,” ಅಂದರು ನರ್ಸಮ್ಮ. “ಹೋಗಿ ಮಾತಾಡಿದ್ರೆ ಬೇರೆ ದಾರಿ ಇತ್ತಂತೆ. ನೀವು ಹೋಗಿ. ಆದ್ರೆ ಬಾಯಿಮಾತು ತಗೋಬೇಡಿ. ಏನೇ ಅಂದ್ರೂ ಬರೆಸ್ಕೊಳ್ಳಿ.”

“ಯಾರು ಏನನ್ನ ಬರೆಸ್ಕೋಬೇಕು?”

ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ಊಟದ ಡಬ್ಬಿ. ಭಾವ ಮರೆತು ಬಂದದ್ದನ್ನು ಕೊಡಲು ಬಂದವಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನರ್ಸಮ್ಮ ಎದ್ದು, ಅವಳ ಭುಜ ಮುಟ್ಟಿ, ಪಕ್ಕಕ್ಕೆ ತಿರುಗಿ ಹೊರಗೆ ಹೋದರು.

“ಯಾರ ಕೀ ಅದು?” ಅಂದಳು ಅಕ್ಕ, ಲಕೋಟೆ ತೋರಿಸಿ.

ಅವಳು ಕೀಗಳನ್ನು ಅಂಗೈಗೆ ಸುರಿದುಕೊಂಡಳು. ಹಿಂಬಾಗಿಲಿನ ಕೀಯನ್ನು ಗುರುತು ಹಿಡಿದಳೆಂದು ಅವಳ ಕಣ್ಣಿನಿಂದ ಗೊತ್ತಾಯಿತು. ಆಮೇಲೆ ಫಾರಂ ಓದಿದಳು. ಕೊನೆಯ ಸಾಲಿಗೆ ಬಂದು ಬಹಳ ಹೊತ್ತು ನಿಂತಳು. ನಾನು ಎಲ್ಲಿಗಾದರೂ ಓಡಿಹೋಗಬೇಕೆಂದುಕೊಂಡೆ. ಆದರೆ ಬಾಗಿಲಲ್ಲಿ ಅವಳೇ ಇದ್ದಳು.

“ಮೂರು ತಿಂಗಳಿಂದ ಬೆಲ್ ಆದ್ರೆ ಸಾಕು, ನೀವು ಬಾತ್‌ರೂಮಿಗೆ ಓಡ್ತೀರಿ,” ಅಂದಳು ನಿಧಾನವಾಗಿ. “ಹೊಟ್ಟೆ ಕೆಟ್ಟಿದೆ ಅಂತ ನಾನು ಔಷಧಿ ತಂದ್ಕೊಟ್ಟೆ. ಸುಮ್ನೆ ಕುಡಿದ್ರಲ್ಲ ರೀ, ಮೂರು ಬಾಟ್ಲಿ!”

“ಲೇಬಲ್ಲು ನಮ್ಮ ಕಾರ್ಖಾನೇದೇ,” ಅಂದೆ ನಾನು. ಹೆದರಿಕೆಯಾದಾಗ ನನ್ನ ಬಾಯಿಗೆ ಬೀಗ ಇರುವುದಿಲ್ಲ.

“ನೀನು ಸುಮ್ನಿರೋ. ನೀನೂ ಸೇರ್ಕೊಂಡಿದೀಯ.” ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಕೊನೆಯ ಸಾಲನ್ನು ಹೊಡೆದುಹಾಕಿದಳು. ‘ಇಬ್ಬರಿಗೂ ಗೊತ್ತು’ ಎಂದು ಬರೆದಳು. ಕೀಗಳನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. “ಊಟ ಮಾಡಿ. ನಾಳೆ ಬ್ಯಾಂಕಿಗೆ ಹೋಗೋಣ. ಕೀ ನನ್ನ ಹತ್ರ ಇರ್ತದೆ.”

ಮಾರನೆಯ ದಿನ ಬ್ಯಾಂಕಿನ ಬೆಂಚಿನ ಮೇಲೆ ಮೂವರೂ ಕೂತೆವು. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತವರ ಹಾಗೆ, ಒಳಗೆ ಹೋದವರ ಸದ್ದಿಗೆ ಕಿವಿ ಕೊಟ್ಟುಕೊಂಡು. ಭಾವ ಎದುರಿನ ಗಾಜಿನ ಬಾಗಿಲ ಬೀಗವನ್ನೇ ನೋಡುತ್ತಿದ್ದರು. “ಅಗ್ಗದ ಮಾಲು,” ಎಂದು ಗೊಣಗಿದರು. ಅಂದು ಅವರಾಡಿದ ಮೊದಲ ಮಾತು ಅದು.

ಸಾಲ ವಿಭಾಗದ ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಕಣ್ಣ ಕೆಳಗೆ ಕಪ್ಪು. ಕಡತ ತೆರೆದು ನೋಡಿ ಹೇಳಿದರು: “ಮನೆ ಬೆಲೆ ಸಾಲಕ್ಕಿಂತ ಕೆಳಗೆ ಇಳಿದಿದೆ, ನಿಜ. ಆದ್ರೆ ಮಾರೋವರೆಗೂ ಅದು ಬರೀ ಲೆಕ್ಕ. ನಿಮ್ಮನ್ನ ಈ ಕುರ್ಚಿಗೆ ಕರ್ಕೊಂಡು ಬಂದಿರೋದು ಬೆಲೆ ಅಲ್ಲ, ತಪ್ಪಿದ ಕಂತು. ಮೊದಲನೇದು ತಪ್ಪೋ ಮುಂಚೇನೇ ಬರ್ಬೇಕಿತ್ತು.”

“ಕೀ ಕೊಟ್ರೆ?” ಎಂದು ಭಾವ ಕೇಳಿದರು. ಇನ್ನೂ ಒಂದು ಎಳೆ ಆಸೆ ಇತ್ತು.

“ಕೊಡಬಹುದು. ಉಳಿದ ಸಾಲ ಮನ್ನಾ ಅಂತ ಬ್ಯಾಂಕು ಬರೆದು ಕೊಟ್ರೆ ಮಾತ್ರ ನಿಮಗೆ ಬಿಡುಗಡೆ. ಬರೆದು ಕೊಡದಿದ್ರೆ ಹರಾಜು ಆದ್ಮೇಲೆ ಕಮ್ಮಿ ಬಿದ್ದಿದ್ದು ನಿಮ್ಮ ತಲೆ ಮೇಲೇ. ಆಮೇಲೆ,” ನನ್ನ ಕಡೆ ತಿರುಗಿದರು, “ತಮ್ಮ ತಲೆ ಮೇಲೆ.”

ಮತ್ತೆ ಅದೇ ಮರ್ಯಾದೆ.

ಅಕ್ಕ ಒಂದೊಂದಾಗಿ ಕೇಳುತ್ತ ಹೋದಳು. ನಾವೇ ಗಿರಾಕಿ ಹುಡುಕಿ ಮಾರಿದರೆ? ಬ್ಯಾಂಕಿನ ಒಪ್ಪಿಗೆ ಮೊದಲೇ ತೆಗೆದುಕೊಂಡು ಮಾರಬಹುದು, ಹರಾಜಿಗಿಂತ ಹೆಚ್ಚು ಬರುತ್ತದೆ. ಕಮ್ಮಿ ಬೀಳುವ ಹದಿನೈದರಲ್ಲಿ ಒಂದಷ್ಟು ಬಿಡಬಹುದು, ಮಿಕ್ಕಿದ್ದು ಕಂತಿನಲ್ಲಿ. ಬಾಡಿಗೆಗೆ ಕೊಟ್ಟು ನಾವು ಚಿಕ್ಕ ಕೋಣೆಗೆ ಹೋದರೆ? ಹೋಗಬಹುದು, ಆದರೆ ಆ ಬೀದಿಗೆ ಬಾಡಿಗೆಗೆ ಯಾರು ಬರುತ್ತಾರೆ? ಅಲ್ಲೇ ಇದ್ದುಕೊಂಡು ಕಂತು ಸಣ್ಣದು ಮಾಡಿಸಿಕೊಂಡರೆ?

“ಅವಧಿ ಹನ್ನೊಂದು ವರ್ಷ ಉದ್ದ ಆಗ್ತದೆ. ಒಟ್ಟು ಬಡ್ಡಿ ಜಾಸ್ತಿ ಬೀಳ್ತದೆ, ಅದನ್ನ ಮುಚ್ಚಿಡಲ್ಲ. ಮೊದಲು ಮೂರು ತಿಂಗಳು ಹೊಸ ಕಂತು ತಪ್ಪದೆ ಕಟ್ಟಿ ತೋರಿಸ್ಬೇಕು. ಒಂದು ತಪ್ಪಿದ್ರೂ ಕಡತ ಮತ್ತೆ ಕಂಟ್ರಾಕ್ಟರಿಗೆ ಹೋಗ್ತದೆ.”

ಭಾವ ಬೆರಳು ಮಡಿಚಿದರು. “ಅರವತ್ತಮೂರು ಆಗ್ತದೆ ನನಗೆ.”

“ಬೀಗದ ಅಂಗಡಿ ಬಾಡಿಗೆ ಎಷ್ಟು?” ಅಂದಳು ಅಕ್ಕ.

ಭಾವ ಹೇಳಿದರು.

“ಹೊಸ ಕಂತಿನ ಮೂರರಲ್ಲಿ ಒಂದು ಪಾಲು ಅದೇ ಆಯ್ತು. ಆ ಗೂಡು ಬಿಡಿ. ಯಂತ್ರ ನಮ್ಮ ಮುಂದಿನ ಕೋಣೆಗೆ ತನ್ನಿ. ಮಿಕ್ಕಿದ್ದಕ್ಕೆ ನಾನು ಮನೇಲೂ ಹೊಲಿಗೆ ಹಿಡೀತೀನಿ.” ಅಧಿಕಾರಿಯ ಕಡೆ ತಿರುಗಿದಳು. “ಮೇಡಂ, ಮೂರು ತಿಂಗಳು ಕಟ್ಟೋವಾಗ ನಮ್ಮ ಬಾಗಿಲಿಗೆ ಯಾರೂ ಬರಲ್ಲ ಅಂತ ಬರೆದು ಕೊಡ್ತೀರಾ?”

ಅಧಿಕಾರಿ ಪೆನ್ನು ಕೈಗೆತ್ತಿಕೊಂಡು, “ಕೊಡ್ತೀನಿ,” ಅಂದರು.

ಪಕ್ಕದಲ್ಲಿ ಭಾವ, ಬೀಗಕ್ಕೆ ಹೇಳುವಷ್ಟೇ ಮೆಲ್ಲಗೆ, “ಜಾಣೆ,” ಅಂದರು. ಅಕ್ಕ ಕೇಳಿಸಿಕೊಂಡಳೋ ಇಲ್ಲವೋ ತಿಳಿಯದು. ಅವಳ ಕಿವಿ ಮಾತ್ರ ಕೆಂಪಾಯಿತು.

ಹೊಸ ಕಾಗದ ಬಂತು, ಹದಿನಾಲ್ಕು ಪುಟ. ಜಾಮೀನುದಾರರ ಜಾಗದಲ್ಲಿ ಮತ್ತೆ ಪೆನ್ಸಿಲಿನ ಗುರುತು. ಅಕ್ಕ, “ಇವನ ಹೆಸರು ತೆಗೀರಿ ಮೇಡಂ, ಇನ್ನೂ ಮದುವೆ ಆಗ್ಬೇಕು,” ಅಂದಳು. ತೆಗೆಯಲು ಆಗುವುದಿಲ್ಲವಂತೆ. ನಾನು ಜೇಬಿನಿಂದ ಭೂತಗನ್ನಡಿ ತೆಗೆದೆ. ಹದಿನಾಲ್ಕು ಪುಟವನ್ನೂ ಓದಿದೆ, ಗಟ್ಟಿಯಾಗಿ, ಒಂದು ಗಂಟೆ ಹತ್ತು ನಿಮಿಷ. ಹಿಂದೆ ಕಾಯುತ್ತಿದ್ದವರು ಕೆಮ್ಮಿದರು, ಒಬ್ಬರು ಎದ್ದು ಹೋದರು. ಒಂಬತ್ತನೇ ಪುಟದಲ್ಲಿತ್ತು: ಕಂತು ತಪ್ಪಿದರೆ ಯಾವ ಸೂಚನೆಯೂ ಇಲ್ಲದೆ ಜಾಮೀನುದಾರರ ಸಂಬಳ ಹಿಡಿಯಬಹುದು. ಹಳೆಯದರಲ್ಲೂ ಇತ್ತಂತೆ. ಆರು ವರ್ಷ ನಾನು ಅದನ್ನು ತಲೆಯ ಮೇಲೆ ಹೊತ್ತು ಸಿಳ್ಳೆ ಹಾಕಿಕೊಂಡು ಓಡಾಡಿದ್ದೆ. ಮೂವತ್ತು ದಿನದ ಸೂಚನೆ ಕೊಡಬೇಕೆಂದು ಬರೆಸಿದ ಮೇಲೆಯೇ ಸಹಿ ಹಾಕಿದೆ.

ಕೀ ಯಂತ್ರ ಮನೆಯ ಮುಂದಿನ ಕೋಣೆಗೆ ಬಂತು; ಎರಡು ಕಂತು ಕಟ್ಟಿ ಆಯಿತು. ಮೂರನೆಯದಕ್ಕೆ ಒಂಬತ್ತು ದಿನವಿದೆ, ಹಣ ಪೂರ್ತಿ ಕೂಡಿಲ್ಲ. ಅದಕ್ಕೆ ಭಾವನದೇ ಒಂದು ಕಾರಣ. ಈಗ ಅವರು ಬ್ಯಾಂಕಿನ ಕೆಲಸಕ್ಕೆ ಹೋದಲ್ಲಿ, ಕೀ ಕೊಡಲು ಕೈ ಚಾಚಿದವರನ್ನು, “ಮನ್ನಾ ಅಂತ ಬರೆಸ್ಕೊಂಡ್ರಾ?” ಎಂದು ಕೇಳುತ್ತಾರೆ. ಬರೆಸಿಕೊಂಡಿಲ್ಲ ಅಂದರೆ ಕೀ ಮುಟ್ಟುವುದಿಲ್ಲ. ಇಬ್ಬರು ಬ್ಯಾಂಕಿಗೆ ವಾಪಸ್ಸು ಹೋದರಂತೆ. ಕಂಟ್ರಾಕ್ಟರ್ ಬೈದ, ಆಮೇಲೆ ನಂಬರು ಕಳಿಸುವುದನ್ನೇ ಕಡಿಮೆ ಮಾಡಿದ.

ನಿನ್ನೆ ಭಾನುವಾರ ನಾನು ಅಕ್ಕನ ಮನೆಯಲ್ಲೇ ಉಳಿದಿದ್ದೆ. ಬೆಳಗ್ಗೆ ಏಳಕ್ಕೆ ಮೂವರೂ ಫೋನು ನೋಡಿದೆವು. ಏನೂ ಬರಲಿಲ್ಲ. ನಂಬರು ಬಂದರೆ ಭಯ, ಬಾರದಿದ್ದರೆ ಬೇರೆ ಭಯ. ಅಕ್ಕ ಹೊಲಿಗೆ ಯಂತ್ರಕ್ಕೆ ದಾರ ಪೋಣಿಸುತ್ತಿದ್ದಳು. ಅಷ್ಟರಲ್ಲಿ ಬೆಲ್ ಆಯಿತು.

ಭಾವ ಎದ್ದು ಬಾತ್‌ರೂಮಿನ ಕಡೆ ಎರಡು ಹೆಜ್ಜೆ ಇಟ್ಟರು. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

“ಗಿರಾಕಿ ಇರ್ಬೇಕು ರೀ,” ಅಂದಳು ಅಕ್ಕ. ದಾರ ಸೂಜಿಯ ಕಣ್ಣಿಗೆ ಹೋಗದೆ ಅತ್ತಿತ್ತ ಜಾರುತ್ತಿತ್ತು.

“ಇರ್ಬೇಕು,” ಅಂದರು ಭಾವ. ತಿರುಗಿ ಬಂದು ಮುಂಬಾಗಿಲ ಮುಂದೆ ನಿಂತರು. ಕೈ ಎತ್ತಿ, ತಮ್ಮದೇ ಬಾಗಿಲನ್ನು, ಒಳಗಡೆಯಿಂದ ಮೂರು ಸಲ ಬಡಿದರು.

“ಬರ್ತಾ ಇದೀನಿ.”

ಹೊರಗೆ ಯಾರೋ ಕಕ್ಕಾಬಿಕ್ಕಿಯಾದಂತೆ ನಕ್ಕರು. “ಒಳಗಿಂದ ಯಾಕ್ರೀ ಬಡೀತೀರಿ? ಒಂದು ಕೀ ಮಾಡಿಸ್ಬೇಕಿತ್ತು.”

ಮೂರು ನಾಲಿಗೆಯ ಬೀಗ ಒಂದೊಂದಾಗಿ ತೆರೆದುಕೊಂಡಿತು.